ತೇರಿನ ಮಿಣಿ ಹಿಡಿಸಿ ಕಲಿಸಿದ ಇಂಗ್ಲಿಷ್

ಕಲಬುರಗಿಯಲ್ಲಿ ಹನ್ನೆರಡು ವರ್ಷಗಳಿಂದ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಅದರಲ್ಲಿ ಎಂಟು ವರ್ಷ 'ಸೀ', 'ಹಿಯರ್', 'ವಾಚ್' ಬಂದಲ್ಲೆಲ್ಲ, ಅವುಗಳ ಹಿಂದೆ ಬರುವ ಎರಡನೆಯ ಕ್ರಿಯಾಪದ ಯಾವ ರೂಪದಲ್ಲಿರಬೇಕು ಎಂಬಲ್ಲಿ, ನನ್ನ ತರಗತಿ ಸೋಲುತ್ತಲೇ ಬಂತು. ನಲವತ್ತು ಜನರಲ್ಲಿ ಹತ್ತು ಹನ್ನೆರಡು ಮಂದಿ ಸರಿ ಬರೆದರೆ ಹೆಚ್ಚು. ನಿಯಮಗಳನ್ನೆಲ್ಲ ಕಿರುಪುಸ್ತಕವಾಗಿ ಅಚ್ಚು ಹಾಕಿಸಿದೆ. ಸುಮಾರು ಒಂಬತ್ತು ಸಾವಿರ ರೂಪಾಯಿ, ಆಗಿನ ಎರಡು ತಿಂಗಳ ಬಾಡಿಗೆ ಅದು. ಹುಡುಗರು ಬಾಯಿಪಾಠ ಒಪ್ಪಿಸಿದರು. ಮರುದಿನ 'ಐ ಸಾ ಹಿಮ್ ಕ್ರಾಸ್ಡ್ ದ ರೋಡ್' ಎಂದೇ ಬರೆದು ತಂದರು.

ಆ ಉತ್ತರಗಳನ್ನು ತಿದ್ದುವಾಗಲೇ ತಪ್ಪಿನ ಬೇರು ಸಿಕ್ಕಿತು. 'ದಾಟಿದ್ದನ್ನು ನೋಡಿದೆ' ಎನ್ನುವಾಗ ನಮ್ಮ ಎರಡೂ ಕ್ರಿಯಾಪದಗಳು ಭೂತಕಾಲ ಹೊತ್ತಿರುತ್ತವೆ. ಇಂಗ್ಲಿಷಿನಲ್ಲಿ ಆ ಹೊರೆ 'ಸಾ' ಒಂದರದೇ; 'ಕ್ರಾಸ್' ಮುಂದೆ 'ಟು' ಕೂಡ ಇಲ್ಲದೆ ಬರಿಗೈಯಲ್ಲಿ ಬರುತ್ತದೆ. ಹಾಗಾದರೆ ಕನ್ನಡದಿಂದಲೇ ಬಿಡಿಸೋಣ ಎಂದೆ. ಜೊತೆಗಿದ್ದ ಶಿಕ್ಷಕರೊಬ್ಬರು, ಕನ್ನಡ ಬೆರೆಸಿದರೆ ಇದ್ದ ಇಂಗ್ಲಿಷೂ ಕೆಡುತ್ತದೆ ಎಂದು ಎದುರಿಗೇ ಹೇಳಿದರು. ಆ ವರ್ಷ ಆರು ಮಂದಿ ಶುಲ್ಕ ವಾಪಸ್ ಪಡೆದು ಹೋದರು.

ನಾನು ಬಿಡಲಿಲ್ಲ. ಶರಣಬಸವೇಶ್ವರ ಜಾತ್ರೆಯ ತೇರನ್ನು ನೋಡದವರು ಇಲ್ಲಿ ಯಾರಿದ್ದಾರೆ? ಅದನ್ನೇ ಹಿಡಿದು ಕೇಳಿದೆ. ಭಕ್ತರು ತೇರು ಎಳೆದದ್ದನ್ನು ಹೊರಟಲ್ಲಿಂದ ನಿಂತಲ್ಲಿಯವರೆಗೆ ಕಂಡೆಯಾ? 'ಪುಲ್'. ಜನರ ನಡುವೆ ತೂರಿಕೊಂಡು ಬಂದು, ಎಳೆಯುತ್ತಿರುವಾಗಲೇ ಉತ್ತತ್ತಿ ಎಸೆದು, ಆಳಂದದ ಬಸ್ಸಿಗೆ ಓಡಿದೆಯಾ? 'ಪುಲಿಂಗ್'. ಎಳೆದವರನ್ನು ಬಿಟ್ಟು ತೇರನ್ನೇ ಮಾತಿನ ಮುಂದಿಟ್ಟೆಯಾ? 'ಐ ಸಾ ದ ಚಾರಿಯಟ್ ಪುಲ್ಡ್'. ಮೂರನೆಯ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಸರ್, ನಾನು ನಡುವೆ ಬಂದವಳು, ನನ್ನದು ಪುಲಿಂಗ್' ಎಂದಳು. ಅಂದು ರಾತ್ರಿ ಸಂತೋಷಕ್ಕೆ ನನಗೆ ನಿದ್ದೆ ಹತ್ತಲಿಲ್ಲ.

ಉರ್ದು ಮನೆಮಾತಿನವರಿಗೆ ಉರ್ದುವಿನಲ್ಲೇ ಕೇಳಿ ನೋಡಿದೆ, ಕೆಲಸ ಮಾಡಲಿಲ್ಲ. 'ಜಾತೇ ಹುಏ ದೇಖಾ' (ಹೋಗುತ್ತಿರುವಾಗ ನೋಡಿದೆ) ಅವರನ್ನು ಪ್ರತಿ ಸಲ 'ಗೋಯಿಂಗ್' ಕಡೆಗೇ ಒಯ್ಯುತ್ತಿತ್ತು. ಕೊನೆಗೆ ಅವರಿಗೂ ತೇರಿನ ಪ್ರಶ್ನೆಯೇ ಗತಿಯಾಯಿತು. 'ಸ್ಮೆಲ್' ಮಾತ್ರ ಬೇರೆ ಜಾತಿ: ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂದರೆ 'ಬರ್ನಿಂಗ್' ಒಂದೇ, 'ಬರ್ನ್' ಸಲ್ಲದು.

ಕಳೆದ ತಂಡದಲ್ಲಿ ಮೂವತ್ತೆಂಟರಲ್ಲಿ ಮೂವತ್ತರ ಮೇಲೆ ಸರಿ ಬರೆದರು. ಎದುರು ಮಾತಾಡಿದ ಶಿಕ್ಷಕರೂ ಈಗ ತೇರನ್ನೇ ಎಳೆಸುತ್ತಿದ್ದಾರೆ. ಆದರೆ ಕರ್ಮಣಿ ಪ್ರಯೋಗಕ್ಕೆ ತಿರುಗಿದೊಡನೆ 'ಟು' ಮರಳಿ ಬರುತ್ತದಲ್ಲ, 'ಹಿ ವಾಸ್ ಸೀನ್ ಟು ಕ್ರಾಸ್ ದ ರೋಡ್' ಎಂದು, ಅದನ್ನು ಮರೆಯದಂತೆ ಮಾಡುವ ಕೈಸನ್ನೆಯೊಂದು ನನ್ನಲ್ಲಿದೆ. ಅದನ್ನು ಸದ್ಯಕ್ಕೆ ಶುಲ್ಕ ಕಟ್ಟಿದವರಿಗೆ ಮಾತ್ರ ತೋರಿಸುತ್ತೇನೆ.