ಕಾಂಕಾರ್ಡ್ ರೆಕ್ಕೆಯ ಮೇಲೆ ಹೊಲಿಗೆ ದಾರ

ಕಾಂಕಾರ್ಡ್ ಎಂಬ ಪ್ರಯಾಣಿಕ ವಿಮಾನ ಅಂದರೆ ವೇಗ, ಶಬ್ದದ ಎರಡು ಪಟ್ಟು ವೇಗ ಎಂದಷ್ಟೇ ತಿಳಿದಿದ್ದೆ. ಬಾಲ್ಸಾ ಮರದಲ್ಲಿ ಅದರ ಗ್ಲೈಡರ್ ಮಾಡಲು ಕೂತಾಗಲೇ ಗೊತ್ತಾಗಿದ್ದು: ಇಂಥ ಸಪೂರ ತ್ರಿಕೋನ ರೆಕ್ಕೆಯನ್ನು ನಿಧಾನವಾಗಿ ಹಾರಿಸುವುದೇ ದೊಡ್ಡ ಸವಾಲು.

ಅಳತೆ ನೂರಕ್ಕೆ ಒಂದು. ಮೂಲ ವಿಮಾನದ ಉದ್ದ ಸುಮಾರು 62 ಮೀಟರ್, ರೆಕ್ಕೆಯ ಹರವು ಬರೀ 25.6 ಮೀಟರ್. ರೆಕ್ಕೆಯ ಮುಂದಿನ ಅಂಚಿನ ಬಳುಕನ್ನು ಎರಡೂ ಕಡೆ ಸಮ ಬರುವಂತೆ ಮರಳು ಕಾಗದದಲ್ಲಿ ಉಜ್ಜಲು ಮೂರು ಸಂಜೆ ಹಿಡಿಯಿತು.

ಮೊದಲ ಎಸೆತಕ್ಕೇ ಮೂಗೆತ್ತಿ ನಿಂತು, ಬಾಲ ಕೆಳಗಾಗಿ ಬಿತ್ತು. ಬಾಲದಲ್ಲಿ ಅಡ್ಡರೆಕ್ಕೆ ಇಲ್ಲದ ವಿಮಾನಕ್ಕೆ ತೂಕದ ಜಾಗ ಸ್ವಲ್ಪ ತಪ್ಪಿದರೂ ಆಗದು. ಮೂಗಿಗೆ ಚಿಟಿಕೆ ಚಿಟಿಕೆ ಜೇಡಿಮಣ್ಣು ಮೆತ್ತುತ್ತಾ ಹೋದೆ. ನಿಜವಾದ ಕಾಂಕಾರ್ಡ್‌ನಲ್ಲಿ ಈ ಕೆಲಸ ಇಂಧನದ್ದು. ಶಬ್ದದ ವೇಗ ದಾಟುವಾಗ ಎತ್ತುವ ಬಲದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಸರಿಯಾಗಿ ಟನ್ನುಗಟ್ಟಲೆ ಇಂಧನವನ್ನು ಹಿಂದಿನ ಟ್ಯಾಂಕಿಗೆ ಪಂಪ್ ಮಾಡುತ್ತಿದ್ದರು, ವೇಗ ಇಳಿಸುವಾಗ ಮತ್ತೆ ಮುಂದಕ್ಕೆ.

ಆಮೇಲೆ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟವಾದದ್ದು. ರೆಕ್ಕೆಯ ಮೇಲೆ ಎರಡೆರಡು ಸೆಂಟಿಮೀಟರ್ ಹೊಲಿಗೆ ದಾರದ ತುಂಡುಗಳನ್ನು ಸಾಲಾಗಿ ಅಂಟಿಸಿದೆ. ಫ್ಯಾನಿನ ಗಾಳಿ ತಿರುಚಿಕೊಂಡು ಬರುತ್ತದಾದ್ದರಿಂದ ಅದರ ಮುಂದೆ ಸ್ಟ್ರಾಗಳ ಕಟ್ಟು ಇಟ್ಟು ಗಾಳಿಯನ್ನು ನೇರ ಮಾಡಿಕೊಂಡೆ. ರೆಕ್ಕೆ ಮಟ್ಟವಾಗಿದ್ದಾಗ ದಾರಗಳೆಲ್ಲ ಹಿಂದಕ್ಕೆ ಬಾಚಿದ ಕೂದಲಿನ ಹಾಗೆ ಮಲಗಿದ್ದವು. ಮೂಗನ್ನು ಮೆಲ್ಲಗೆ ಎತ್ತುತ್ತಾ ಬಂದೆ. ಒಂದು ಹಂತದಲ್ಲಿ ಅಂಚಿನ ಹತ್ತಿರದ ದಾರಗಳು ಹೊರಕ್ಕೆ ತಿರುಗಿ ನಡುಗತೊಡಗಿದವು. ಚೂಪಾದ ಅಂಚಿನಿಂದ ಬಿಡಿಸಿಕೊಂಡ ಗಾಳಿ ಸುರುಳಿಯಾಗಿ ರೆಕ್ಕೆಯ ಬೆನ್ನ ಮೇಲೆಯೇ ಉರುಳುತ್ತಿತ್ತು! ಆ ಸುರುಳಿಯೊಳಗೆ ಒತ್ತಡ ಕಡಿಮೆ, ಹಾಗಾಗಿ ಅದು ರೆಕ್ಕೆಯನ್ನು ಮೇಲಕ್ಕೆ ಎಳೆಯುತ್ತದೆ.

1950ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳಾದ ಡೀಟ್ರಿಚ್ ಕ್ಯೂಚೆಮನ್, ಯೊಹಾನಾ ವೆಬರ್ ಮತ್ತು ಅವರ ಸಂಗಡಿಗರು ಪಟ್ಟು ಹಿಡಿದು ಅಭ್ಯಾಸ ಮಾಡಿದ್ದು ಈ ಸುರುಳಿಯನ್ನೇ. ವೆಬರ್ ಹೆಸರು ಇನ್ನೂ ಹೆಚ್ಚು ಜನರಿಗೆ ಗೊತ್ತಿರಬೇಕಿತ್ತು. 1961ರಲ್ಲಿ ಹ್ಯಾಂಡ್ಲಿ ಪೇಜ್ ಎಚ್‌ಪಿ 115 ಎಂಬ ಪುಟ್ಟ ವಿಮಾನ ಹಾರಿ, ಇಂಥ ಸಪೂರ ರೆಕ್ಕೆಯನ್ನು ನಿಧಾನದಲ್ಲೂ ಸಂಭಾಳಿಸಬಹುದು ಎಂದು ತೋರಿಸಿತು. ಮರುವರ್ಷ ನವೆಂಬರ್ 29ರಂದು ಬ್ರಿಟನ್ ಮತ್ತು ಫ್ರಾನ್ಸ್ ಕಾಂಕಾರ್ಡ್ ಅನ್ನು ಜೊತೆಗೂಡಿ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದವು. 1969ರ ಮಾರ್ಚ್ 2ರಂದು ಟುಲೂಸ್‌ನಲ್ಲಿ ಕಾಂಕಾರ್ಡ್ ಮೊದಲ ಸಲ ನೆಲ ಬಿಟ್ಟಿತು.

ನಿಧಾನ ಹಾರಾಟದ ಇದೇ ತೊಡಕಿಗೆ ಅಮೆರಿಕದ ಬೋಯಿಂಗ್‌ನವರು ಹಿಂದಕ್ಕೂ ಮುಂದಕ್ಕೂ ತಿರುಗುವ ರೆಕ್ಕೆಯ 2707 ಎಂಬ ವಿಮಾನ ಯೋಜಿಸಿದರು, ರೆಕ್ಕೆ ತಿರುಗಿಸುವ ಯಂತ್ರದ ಭಾರ ತಾಳದೆ ಆ ರೆಕ್ಕೆಯನ್ನು ಕೈಬಿಟ್ಟರು. 1971ರಲ್ಲಿ ಇಡೀ ಯೋಜನೆಯೇ ನಿಂತಿತು. ಕಾಂಕಾರ್ಡ್‌ಗಿಂತ ಮೊದಲೇ ಹಾರಿದ್ದ ಸೋವಿಯತ್‌ನ ಇಂಥದೇ ವಿಮಾನ ಟಿಯು-144ಕ್ಕೆ, ಇಳಿಯುವಾಗ ನೆರವಾಗಲೆಂದು, ಮೂಗಿನ ಹಿಂದೆ ಮಡಚುವ ಪುಟ್ಟ ರೆಕ್ಕೆಗಳನ್ನು ಆಮೇಲೆ ಸೇರಿಸಬೇಕಾಯಿತು.

ನನ್ನ ಗ್ಲೈಡರ್ ಈಗ ಮೂಗೆತ್ತಿಕೊಂಡೇ ಹಾಯಾಗಿ ಇಳಿಯುತ್ತದೆ. ಹಾಗೆ ಇಳಿಯುವಾಗ ಪೈಲಟ್‌ಗೆ ರನ್‌ವೇ ಕಾಣದೆಂದೇ ಕಾಂಕಾರ್ಡ್ ಮೂಗನ್ನು 12.5 ಡಿಗ್ರಿ ಬಾಗಿಸುತ್ತಿತ್ತು. ನನ್ನದರ ಮೂಗನ್ನೂ ಕತ್ತರಿಸಿಟ್ಟಿದ್ದೇನೆ, ಗುಂಡುಸೂಜಿಯಿಂದ ಕೀಲು ಕೂರಿಸುವುದು ಬಾಕಿ.