ಆಕಾಶ ಬಿಡಿ, ಮೊದಲು ನೀರು ನೋಡಿ: ಬಾಲ್ಡ್ ಈಗಲ್ ಹುಡುಕುವ ಬಗೆ

ಬಾಲ್ಡ್ ಈಗಲ್, ಅಂದರೆ ಉತ್ತರ ಅಮೆರಿಕದ ಬಿಳಿ ತಲೆಯ ದೊಡ್ಡ ಹದ್ದು, ನೋಡೋಕೆ ಅಂತ ಬಂದವರು ಕಾರಿಂದ ಇಳಿದ ಕೂಡಲೇ ಕತ್ತೆತ್ತಿ ಆಕಾಶ ನೋಡುತ್ತಾರೆ. ಕತ್ತು ನೋಯುತ್ತದೆ ಅಷ್ಟೇ. ಈ ಹದ್ದು ಹಗಲಿನ ಬಹುಪಾಲು ಹೊತ್ತು ಹಾರುವುದಿಲ್ಲ, ಸುಮ್ನೆ ಕೂತಿರುತ್ತದೆ. ಬೆಳಗ್ಗೆ ಒಂದಿಷ್ಟು ಹೊತ್ತು ಮೀನು ಹಿಡಿಯುತ್ತದೆ, ಆಮೇಲೆ ಗಂಟೆಗಟ್ಟಲೆ ಒಂದೇ ಕೊಂಬೆ. ಹಾಗಾಗಿ ನಾನು ಹುಡುಕುವ ಕ್ರಮವೇ ಬೇರೆ. ಮೊದಲು ಹೆಪ್ಪುಗಟ್ಟದ ನೀರು, ಆಮೇಲೆ ಆ ನೀರಿನ ಪಕ್ಕದ ಎತ್ತರದ ಮರ, ಕೊನೆಗೆ ಹಕ್ಕಿ.

ನಾನಿರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಗೆ ಹತ್ತಿರ. ಇಲ್ಲಿ ಹದ್ದು ನೋಡುವ ಕಾಲ ಅಂದರೆ ಚಳಿಗಾಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಯಾವಾಗ ಹೋದರೂ ಆದೀತು, ಆದರೆ ನನ್ನನ್ನು ಕೇಳಿದರೆ ಜನವರಿಯೇ ಸರಿ. ಉತ್ತರದ ಮಿನ್ನೆಸೋಟ, ಕೆನಡಾ ಕಡೆಯ ಸರೋವರಗಳೆಲ್ಲ ಮಂಜುಗಡ್ಡೆಯಾದಾಗ ಅಲ್ಲಿನ ಹದ್ದುಗಳು ನೀರು ಹುಡುಕಿಕೊಂಡು ಈ ಕಡೆ ಇಳಿಯುತ್ತವೆ. ಇಲ್ಲೂ ನದಿ ಗಟ್ಟಿಯಾಗುತ್ತದೆ. ಆದರೆ ಡ್ಯಾಮಿನ ಬಾಗಿಲುಗಳ ಕೆಳಗೆ ನೀರು ಕುದಿದ ಹಾಗೆ ಹೊರಳುತ್ತಿರುತ್ತದಲ್ಲ, ಅಲ್ಲಿ ಗಡ್ಡೆ ಕಟ್ಟುವುದಿಲ್ಲ. ಮೇಲಿಂದ ಬಂದ ಗಿಝರ್ಡ್ ಶಾಡ್ ಅನ್ನುವ ಬೆಳ್ಳಿ ಬಣ್ಣದ ಮೀನುಗಳು ಚಳಿಗೆ ಮೊದಲೇ ಸೊರಗಿರುತ್ತವೆ, ಡ್ಯಾಮು ದಾಟುವಾಗ ಇನ್ನಷ್ಟು ಪೆಟ್ಟು ತಿಂದು ಮೇಲೆ ತೇಲುತ್ತವೆ. ಹದ್ದಿಗೆ ಇನ್ನೇನು ಬೇಕು? ಲಕ್ಲೇರ್ ಊರಿನ ಹತ್ತಿರದ ಲಾಕ್ ಅಂಡ್ ಡ್ಯಾಮ್ 14 (ದೋಣಿ ದಾಟಿಸುವ ಬಾಗಿಲಿರುವ ಡ್ಯಾಮು) ಇದಕ್ಕೇ ಹೆಸರುವಾಸಿ. ಮೈ ಕೊರೆಯುವ ಚಳಿ ನಾಲ್ಕೈದು ದಿನ ಬಿಡದೆ ಹಿಡಿದ ಮೇಲೆ ಹೋಗಿ. ತೆರೆದ ನೀರು ಚಿಕ್ಕದಾದಷ್ಟೂ ಹದ್ದುಗಳು ಒಂದೇ ಕಡೆ ಸೇರುತ್ತವೆ. ಚಳಿ ಸಡಿಲಿದರೆ ನದಿಯುದ್ದಕ್ಕೂ ಚದುರಿಹೋಗುತ್ತವೆ.

ಬೇರೆ ಕಡೆ ಇರುವವರಿಗೂ ಲೆಕ್ಕ ಇದೇ, ತಿಂಗಳು ಮಾತ್ರ ಬೇರೆ. ಮೇರಿಲ್ಯಾಂಡಿನಲ್ಲಿ ಸಸ್ಕ್ವೆಹಾನಾ ನದಿಯ ಕೊನೊವಿಂಗೊ ಡ್ಯಾಮಿಗೆ ನವೆಂಬರಿನಲ್ಲಿ ಕ್ಯಾಮೆರಾದವರ ಜಾತ್ರೆಯೇ ಸೇರುತ್ತದೆ. ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿಯಲ್ಲಿ ಚಮ್ ಸಾಲ್ಮನ್ ಮೀನು ಮೊಟ್ಟೆಯಿಟ್ಟು ಸಾಯುವ ಕಾಲ ಮುಖ್ಯ, ಡಿಸೆಂಬರ್ ಕೊನೆ ಮತ್ತು ಜನವರಿ. ಐಡಾಹೋದ ಕರ್ ಡಲೇನ್ ಸರೋವರಕ್ಕೆ ಕೊಕನೀ ಮೀನಿನ ಆಸೆಗೆ ಡಿಸೆಂಬರಿನಲ್ಲಿ ಬರುತ್ತವೆ. ಅಲಾಸ್ಕಾದ ಹೇನ್ಸ್ ಬಳಿ ಚಿಲ್ಕಾಟ್ ನದಿಗೆ ನೆಲದಡಿಯಿಂದ ಬೆಚ್ಚಗಿನ ನೀರು ಉಕ್ಕುವುದರಿಂದ ಅದು ತಡವಾಗಿಯೂ ತೆರೆದೇ ಇರುತ್ತದೆ. ನವೆಂಬರಿನಲ್ಲಿ ಅಲ್ಲಿ ಸಾವಿರಾರು ಹದ್ದುಗಳು. ಆದರೆ ಮೊದಲ ಸಲಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. 1963ರಲ್ಲಿ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲೆಲ್ಲ ಎಣಿಕೆಗೆ ಸಿಕ್ಕಿದ್ದು ಬರೀ 417 ಜೋಡಿ. ಹದ್ದಿನ ಮೊಟ್ಟೆಯ ಚಿಪ್ಪನ್ನು ತೆಳ್ಳಗಾಗಿಸುತ್ತಿದ್ದ ಡಿಡಿಟಿ ಕೀಟನಾಶಕ 1972ರಲ್ಲಿ ನಿಂತಿತು, 2007ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು, 2019ರ ಲೆಕ್ಕಕ್ಕೆ 71,400 ಜೋಡಿ ಅಂದಾಜಾಯಿತು. ಹಾಗಾಗಿ ಮನೆಗೆ ಹತ್ತಿರದ ಡ್ಯಾಮಿನಿಂದಲೇ ಶುರು ಮಾಡಿ.

ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು. ರಾತ್ರಿ ಗುಂಪಾಗಿ ಮಲಗಿದ್ದ ಮರಗಳಿಂದ ನೀರಿಗೆ ಬರುವುದು ಆಗಲೇ. ಹತ್ತು ಗಂಟೆ ಮೇಲೆ ಹೋದರೆ ಹೊಟ್ಟೆ ತುಂಬಿದ ಹದ್ದುಗಳನ್ನು ನೋಡಬಹುದು, ಅವು ನಿಮ್ಮನ್ನು ನೋಡುತ್ತಾ ಕೂತಿರುತ್ತವೆ. ಬೆಳಗ್ಗೆಯಾದರೆ ನದಿಯ ಪೂರ್ವ ದಡ ಒಳ್ಳೆಯದು. ಬಿಸಿಲು ನಿಮ್ಮ ಬೆನ್ನಿಗಿದ್ದು ಹಕ್ಕಿಯ ಮುಖಕ್ಕೆ ಬೀಳುತ್ತದೆ.

ಮರದ ವಿಷಯ. ನಮ್ಮಲ್ಲಿ ಕಾಟನ್‌ವುಡ್ ಮತ್ತು ಸಿಕಮೋರ್, ಉತ್ತರಕ್ಕೆ ಹೋದರೆ ವೈಟ್ ಪೈನ್. ಸುತ್ತಲಿನ ಮರಗಳಿಗಿಂತ ತಲೆ ಎತ್ತಿ ನಿಂತ, ನೀರಿನ ಮೇಲೆ ದಪ್ಪ ಕೊಂಬೆ ಚಾಚಿದ ಮರವೇ ಹದ್ದಿಗೆ ಇಷ್ಟ. ಬೈನಾಕ್ಯುಲರ್ ಹಿಡಿದು ಒಂದು ಕಡೆಯಿಂದ ಸಾವಧಾನವಾಗಿ ಮರ ಮರ ನೋಡುತ್ತಾ ಬನ್ನಿ. ಬೂದು ಕೊಂಬೆಗಳ ನಡುವೆ ಬೆಳೆದ ಹದ್ದಿನ ತಲೆ, ಯಾರೋ ಬಿಳಿ ಬಟ್ಟಲು ಬೋರಲು ಹಾಕಿದ ಹಾಗೆ ಎದ್ದು ಕಾಣುತ್ತದೆ. ಹಿಮ ಬಿದ್ದ ದಿನ ಮಾತ್ರ ಈ ಉಪಾಯ ನಡೆಯುವುದಿಲ್ಲ, ಆಗ ಕಪ್ಪು ಮೈ ಹುಡುಕಿ. ಕೊಂಬೆ, ಕಾಂಡದ ಮೇಲೆ ಸುಣ್ಣ ಸುರಿದಂಥ ಹಿಕ್ಕೆಯ ಗೆರೆಗಳಿದ್ದರೆ ಆ ಮರ ನೆನಪಿಟ್ಟುಕೊಳ್ಳಿ, ಇವತ್ತು ಖಾಲಿಯಿದ್ದರೂ ನಾಳೆ ಬರುತ್ತದೆ. ಮಂಜುಗಡ್ಡೆಯ ಮೇಲಿನ ಕಪ್ಪು ಗುಡ್ಡೆಗಳನ್ನೂ ಬಿಡಬೇಡಿ. ಎರಡು ನಿಮಿಷ ನೋಡಿದರೆ ಅವುಗಳಲ್ಲಿ ಒಂದು ಕತ್ತು ತಿರುಗಿಸುತ್ತದೆ.

ಕಣ್ಣಿಗಿಂತ ಮೊದಲು ಬೇರೆ ಹಕ್ಕಿಗಳು ಸುಳಿವು ಕೊಡುತ್ತವೆ. ಕಾಗೆಗಳು ಒಂದೇ ಮರದ ಸುತ್ತ ಕಿರುಚುತ್ತಿದ್ದರೆ ಅಲ್ಲಿ ನೋಡಿ. ಹರಡಿಕೊಂಡಿದ್ದ ಬಾತುಗಳು ದಿಢೀರನೆ ಒತ್ತೊತ್ತಾಗಿ ಸೇರಿದರೆ, ಕಡಲಕ್ಕಿಗಳು ಒಟ್ಟಿಗೆ ಎದ್ದರೆ ಆಗ ಬೇಕಾದರೆ ಆಕಾಶ ನೋಡಿ. ಹದ್ದಿನ ಕೂಗನ್ನು ನಂಬಿ ಕೂರಬೇಡಿ. ಸಿನಿಮಾದಲ್ಲಿ ಕೇಳುವ ಆ ಗಂಭೀರ ಚೀತ್ಕಾರ ಸಾಮಾನ್ಯವಾಗಿ ರೆಡ್-ಟೇಲ್ಡ್ ಹಾಕ್ ಎಂಬ ಬೇರೆ ಹಕ್ಕಿಯದು. ಇದರ ನಿಜವಾದ ದನಿ ತೆಳ್ಳಗೆ ಕಿಚಿಕಿಚಿ ಅನ್ನುತ್ತದೆ. ಇಷ್ಟು ದೊಡ್ಡ ಮೈಗೆ ಇಷ್ಟೇನಾ ಅನಿಸುತ್ತದೆ.

ಗುರುತು ಹಿಡಿಯುವುದರಲ್ಲಿ ತೊಂದರೆ ಕೊಡುವುದು ಮರಿಗಳು. ತಲೆ, ಬಾಲ ಪೂರ್ತಿ ಬೆಳ್ಳಗಾಗಲು ಸುಮಾರು ಐದು ವರ್ಷ ಬೇಕು. ಮೊದಲ ಚಳಿಗಾಲದಲ್ಲಿ ಮೈಯೆಲ್ಲ ಕಡು ಕಂದು, ಕೊಕ್ಕೂ ಕಪ್ಪು. ಎರಡು ಮೂರು ವರ್ಷಕ್ಕೆ ಹೊಟ್ಟೆ, ಬೆನ್ನಿನ ಮೇಲೆ ಬಿಳಿ ಚಲ್ಲಿದ ಹಾಗಿರುತ್ತದೆ. ನಾಲ್ಕನೇ ವರ್ಷ ತಲೆ ಕೊಳೆ ಬಿಳಿ, ಕಣ್ಣಿನ ಹಿಂದೆ ಕಪ್ಪು ಗೆರೆ. ಇವನ್ನು ನೋಡಿ “ಗೋಲ್ಡನ್ ಈಗಲ್ ಬಂತು” ಅಂತ ಕುಣಿಯುವವರು ಪ್ರತಿ ವರ್ಷ ಸಿಗುತ್ತಾರೆ. ಅದು ಕಂದು ಮೈಯ ಬೇರೆ ಜಾತಿಯ ಹದ್ದು. ಕೂತಿದ್ದರೆ ಕಾಲು ನೋಡಿ: ಗೋಲ್ಡನ್ ಈಗಲ್‌ಗೆ ಬೆರಳಿನವರೆಗೂ ಪುಕ್ಕ, ಬಾಲ್ಡ್ ಈಗಲ್‌ಗೆ ಕೆಳಗಾಲು ಬರಿದು, ಹಳದಿ. ಹಾರುತ್ತಿದ್ದರೆ ರೆಕ್ಕೆಯ ಬುಡ, ಅಂದರೆ ಕಂಕುಳು ನೋಡಿ. ಅಲ್ಲಿ ಬಿಳಿಯಿದ್ದರೆ ಬಾಲ್ಡ್ ಈಗಲ್ ಮರಿ. ತಲೆ, ಕೊಕ್ಕು ಎರಡೂ ದೊಡ್ಡವು, ರೆಕ್ಕೆಯಿಂದ ಚೆನ್ನಾಗಿ ಮುಂದೆ ಚಾಚಿರುತ್ತವೆ.

ದೂರದಿಂದ ಹಾರುವ ರೀತಿಯೇ ಸಾಕು. ಬಾಲ್ಡ್ ಈಗಲ್ ರೆಕ್ಕೆಯನ್ನು ಚಪ್ಪಟೆಯಾಗಿ, ನೇರವಾಗಿ ಹಿಡಿದು ಅಲುಗಾಡದೆ ತೇಲುತ್ತದೆ. ಎರಡು ಮೀಟರ್ ಅಗಲದ ರೆಕ್ಕೆ, ಗಾಳಿಗೆ ಸುಲಭಕ್ಕೆ ಜಗ್ಗಲ್ಲ. ಟರ್ಕಿ ವಲ್ಚರ್ ಅನ್ನುವ ರಣಹದ್ದು ರೆಕ್ಕೆಯನ್ನು ವಿ ಆಕಾರದಲ್ಲಿ ಎತ್ತಿ, ಅತ್ತಿತ್ತ ಓಲಾಡುತ್ತದೆ. ಆಸ್ಪ್ರೇ ಅನ್ನುವ ಮೀನು ಹಿಡಿಯುವ ಹಕ್ಕಿಗೆ ಮಣಿಕಟ್ಟಿನಲ್ಲಿ ಬಾಗಿದ ರೆಕ್ಕೆ, ಬಿಳಿ ಹೊಟ್ಟೆ. ಅದೂ ಚಳಿಗಾಲದಲ್ಲಿ ನಮ್ಮ ಕಡೆ ಇರುವುದಿಲ್ಲ.

ಬೈನಾಕ್ಯುಲರ್ 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಲೆನ್ಸಿನದು) ಇದ್ದರೆ ಸಾಕು. 10x ಕೈಗವಸು ಹಾಕಿದ ಕೈಯಲ್ಲಿ ಜಾಸ್ತಿ ನಡುಗುತ್ತದೆ. ಸ್ಪಾಟಿಂಗ್ ಸ್ಕೋಪ್ ಅನ್ನುವ ಚಿಕ್ಕ ದೂರದರ್ಶಕ ಇದ್ದರೆ ಆಚೆ ದಡವೂ ನಿಮ್ಮದೇ. ಕಾರಿನೊಳಗೇ ಇರಿ. ಹದ್ದುಗಳು ಕಾರಿಗೆ ಅಷ್ಟಾಗಿ ಹೆದರುವುದಿಲ್ಲ, ಬಾಗಿಲು ತೆಗೆದು ಮನುಷ್ಯ ಇಳಿದರೆ ಹೆದರುತ್ತವೆ. ಹೀಟರ್ ಆರಿಸಿ ಕಿಟಕಿ ಇಳಿಸಿ. ಇಲ್ಲದಿದ್ದರೆ ಒಳಗಿನ ಬಿಸಿ ಗಾಳಿ ಹೊರಗಿನ ಚಳಿಗೆ ಬೆರೆತು ಚಿತ್ರವೆಲ್ಲ ಕಲಕಿದ ಹಾಗಾಗುತ್ತದೆ, ಆಮೇಲೆ ಲೆನ್ಸ್ ಸರಿಯಿಲ್ಲ ಅಂತ ಬೈಯುತ್ತಾರೆ.

ಹಾರುವ ಫೋಟೋ ಬೇಕಾದವರಿಗೆ ಒಂದು ಮಾತು. ಕೂತ ಹದ್ದು ಮುಂದೆ ಬಾಗಿ, ಬಾಲ ಎತ್ತಿ, ಬಿಳಿ ಹಿಕ್ಕೆಯನ್ನು ಪಿಚಕ್ಕನೆ ಹಾರಿಸಿತು ಅಂದರೆ ಕ್ಯಾಮೆರಾ ಸಿದ್ಧ ಮಾಡಿಕೊಳ್ಳಿ, ಬಹಳ ಸಲ ಮುಂದಿನ ಕ್ಷಣವೇ ಹಾರುತ್ತದೆ. ನೀರಿಗೆ ಬರುವಾಗ ತಗ್ಗಾಗಿ ಬಂದು, ಕಾಲು ಮುಂದೆ ಚಾಚಿ, ಮೇಲ್ಪದರದಲ್ಲಿದ್ದ ಮೀನನ್ನು ಎತ್ತಿಕೊಂಡು ಹೋಗುತ್ತದೆ. ಮುಳುಗುವ ಹಕ್ಕಿಯಲ್ಲ ಇದು. ಮೀನು ಹಿಡಿದದ್ದನ್ನು ಮಾತ್ರ ನೋಡಿ ಕ್ಯಾಮೆರಾ ಇಳಿಸಬೇಡಿ. ಅಸಲಿ ಗಲಾಟೆ ಆಮೇಲೆ. ಪಕ್ಕದ ಮರದಿಂದ ಇನ್ನೆರಡು ಹದ್ದು ಅದನ್ನು ಕಿತ್ತುಕೊಳ್ಳಲು ಎದ್ದು ಬರುತ್ತವೆ. ದುಡಿದು ತಿನ್ನುವುದಕ್ಕಿಂತ ದೋಚಿ ತಿನ್ನುವುದು ಇವಕ್ಕೆ ಇಷ್ಟ.

ಹಾರಲಿ ಅಂತ ಚಪ್ಪಾಳೆ ತಟ್ಟುವ, ಹಿಮದುಂಡೆ ಎಸೆಯುವ ಮಹಾಶಯರೂ ಇದ್ದಾರೆ. ನನಗೆ ಮೈ ಉರಿಯುತ್ತದೆ. ಚಳಿಯಲ್ಲಿ ಹದ್ದು ಸುಮ್ನೆ ಕೂರುವುದು ಸೋಮಾರಿತನಕ್ಕಲ್ಲ, ಮೈಯ ಶಕ್ತಿ ಉಳಿಸಿಕೊಳ್ಳಲು. ಅದೂ ಅಲ್ಲದೆ ಹದ್ದನ್ನು ಕಾಡಿಸುವುದು ಅಮೆರಿಕದ 1940ರ ಹದ್ದು ರಕ್ಷಣೆ ಕಾನೂನಿನ ಪ್ರಕಾರ ಅಪರಾಧ. ಹಕ್ಕಿ ಮೀನು ಬಿಟ್ಟು ನಿಮ್ಮನ್ನೇ ದಿಟ್ಟಿಸುತ್ತಿದೆ, ಕಾಲು ಬದಲಿಸುತ್ತಿದೆ ಅಂದರೆ ಹತ್ತಿರವಾಯಿತು, ಹಿಂದೆ ಸರಿಯಿರಿ. ಗೂಡಿದ್ದರೆ ಇನ್ನೂ ಎಚ್ಚರ. ಮರಿ ಮಾಡುವ ಕಾಲದಲ್ಲಿ ನಡೆದು ಹೋಗುವವರು 330 ಅಡಿ ದೂರ ಇರಬೇಕು ಅನ್ನುತ್ತದೆ ಸರ್ಕಾರದ ಸೂಚನೆ. ಗೂಡು ದೂರಕ್ಕೂ ಕಾಣುತ್ತದೆ, ಭಯ ಬೇಡ. ಪ್ರತಿ ವರ್ಷ ಕಡ್ಡಿ ಸೇರಿಸಿ ಸೇರಿಸಿ ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗಿನ ಒಂದು ಗೂಡು 2.9 ಮೀಟರ್ ಅಗಲ, 6 ಮೀಟರ್ ಆಳ ಆಗಿತ್ತು.

ಮರದ ಕೆಳಗೆ ಗರಿ ಬಿದ್ದಿದ್ದರೆ ಮಕ್ಕಳು ಓಡಿ ಹೋಗಿ ಎತ್ತಿಕೊಳ್ಳುತ್ತಾರೆ. ಬೇಡ ಅನ್ನಿ. ಬಿದ್ದ ಒಂದು ಗರಿಯನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸತ್ತ ಹದ್ದುಗಳು, ಅವುಗಳ ಗರಿ ಎಲ್ಲ ಕೊಲರಾಡೋದಲ್ಲಿರುವ ನ್ಯಾಷನಲ್ ಈಗಲ್ ರೆಪಾಸಿಟರಿಗೆ ಹೋಗಿ, ಅಲ್ಲಿಂದ ಮೂಲನಿವಾಸಿ ಬುಡಕಟ್ಟುಗಳ ಜನರಿಗೆ ಅವರ ಧಾರ್ಮಿಕ ಕೆಲಸಕ್ಕೆ ಸಿಗುತ್ತವೆ. ಗರಿಯ ಫೋಟೋ ತೆಗೆದುಕೊಂಡು ಅಲ್ಲೇ ಬಿಟ್ಟು ಬನ್ನಿ.