ಹಾಲು ಕಾಯಿಸುವ ಮುಂಚಿನ 15 ನಿಮಿಷ

ಭಾನುವಾರದ ಆರಾಧನೆ ಮುಗಿಸಿ ಹೊರಗೆ ಬಂದರೆ ನಮ್ಮ ಸಭೆಯಲ್ಲಿ ಕೇಳುವುದು ಒಂದೇ ಮಾತು: ‘ಪ್ರಾರ್ಥನೆಗೆ ಸಮಯವೇ ಸಿಗುವುದಿಲ್ಲ.’ ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟುವವರ ಬಾಯಲ್ಲಿ ಇದು ನೆಪವೇನಲ್ಲ. ಆದರೆ ಬಿಡುವಾದ ಮೇಲೆ ದೇವರ ಬಳಿ ಕುಳಿತುಕೊಳ್ಳುತ್ತೇನೆ ಎಂದವರಿಗೆ ಬೆಂಗಳೂರು ಬಿಡುವು ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

ಮೊದಲು ಮಾರ್ಕನ ಸುವಾರ್ತೆಯ 1ನೇ ಅಧ್ಯಾಯ ಓದಿ. ಕಪೆರ್ನೌಮ್ ಎಂಬ ಊರಿನಲ್ಲಿ ಸಬ್ಬತ್ ದಿನ, ಅಂದರೆ ಯೆಹೂದ್ಯರ ವಿಶ್ರಾಂತಿಯ ದಿನ, ಯೇಸು ಸಭಾಮಂದಿರದಲ್ಲಿ ಬೋಧಿಸುತ್ತಾನೆ, ಶಿಷ್ಯ ಸೀಮೋನನ ಅತ್ತೆಯ ಜ್ವರ ಬಿಡಿಸುತ್ತಾನೆ. ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲಿಗೆ ಬರುತ್ತದೆ. ಅಂಥ ದಿನದ ಮರುದಿನ, ಇನ್ನೂ ಕತ್ತಲಿರುವಾಗಲೇ, ಆತ ಎದ್ದು ಜನವಿಲ್ಲದ ಕಡೆ ಹೋಗಿ ಪ್ರಾರ್ಥಿಸುತ್ತಾನೆ. ಸೀಮೋನನೂ ಸಂಗಡಿಗರೂ ಅಲ್ಲಿಗೂ ಬೆನ್ನು ಹತ್ತಿ ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎನ್ನುತ್ತಾರೆ. (ಆ ಕಾಲದ ಮಿಸ್ಡ್ ಕಾಲ್!) ಆತ ಆ ಬಾಗಿಲಿಗೆ ಮರಳುವುದಿಲ್ಲ, ಪಕ್ಕದ ಊರುಗಳಿಗೆ ಹೋಗೋಣ ಎನ್ನುತ್ತಾನೆ. ಯಾವ ಕೆಲಸಕ್ಕೆ ಹೂಂ, ಯಾವುದಕ್ಕೆ ಉಹೂಂ ಎಂಬುದು ಆ ಕತ್ತಲಲ್ಲೇ ತೀರ್ಮಾನವಾಗಿತ್ತೆಂದು ನನಗೆ ತೋರುತ್ತದೆ.

ಇನ್ನು ಹೊತ್ತು ಗೊತ್ತು ಮಾಡಿಕೊಳ್ಳುವುದು. ದಿನಾ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಪ್ರಾರ್ಥನೆಯನ್ನು ಗಂಟುಹಾಕಿ. ನಮ್ಮ ಮನೆಯಲ್ಲಿ ಅದು ಹಾಲು: ಒಲೆ ಹಚ್ಚುವ ಮುಂಚೆ 15 ನಿಮಿಷ. ರಾತ್ರಿ ಪಾಳಿಯವರಿಗೆ ಬೆಳಗಾಗುವುದೇ ಮಧ್ಯಾಹ್ನ 3ಕ್ಕೆ. ಅವರಿಗೆ ಅದೇ ಮುಂಜಾನೆ. ಕುರ್ಚಿ ಒಂದೇ ಇರಲಿ, ಸತ್ಯವೇದ (ಬೈಬಲ್) ಕಾಗದದ್ದಿರಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಆ್ಯಪ್‌ನಲ್ಲಿ ಕೀರ್ತನೆ ಓದಲು ಕುಳಿತು ವಾಟ್ಸ್‌ಆ್ಯಪ್‌ನಿಂದ ಎದ್ದ ದಿನಗಳನ್ನು ನಾನು ಲೆಕ್ಕವಿಟ್ಟಿಲ್ಲ.

ಒಂದೇ ವರ್ಷದಲ್ಲಿ ಇಡೀ ಬೈಬಲ್ ಓದುವ ಸಂಕಲ್ಪ ಈಗಲೇ ಬೇಡ. ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ 3ಕ್ಕೂ ಹೆಚ್ಚು ಬೀಳುತ್ತದೆ. ಜನವರಿಯಲ್ಲಿ ಆದಿಕಾಂಡದಿಂದ ಹುಮ್ಮಸ್ಸಿನಲ್ಲಿ ಹೊರಟವರು ಫೆಬ್ರುವರಿಯಲ್ಲಿ ಯಾಜಕಕಾಂಡದ ಯಜ್ಞಗಳ ನಡುವೆ ಕಾಣೆಯಾಗುತ್ತಾರೆ. ಮಾರ್ಕನದು 16 ಅಧ್ಯಾಯ; ದಿನಕ್ಕೆ ಅರ್ಧ ಓದಿದರೆ ಒಂದು ತಿಂಗಳು. ಆಮೇಲೆ ಕೀರ್ತನೆಗಳು. 117ನೆಯದರಲ್ಲಿ ಎರಡೇ ವಚನ, 119ರಲ್ಲಿ 176. ಹಾಗಾಗಿ ದಿನಕ್ಕೊಂದೆಂದು ಹಟ ಹಿಡಿಯಬೇಡಿ.

ಓದಿದ ಮೇಲೆ ಮಾತು ಹೊರಡದಿದ್ದರೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಸಾಲುಸಾಲಿಗೂ ನಿಂತು ಹೇಳಿ. ಅನುದಿನದ ಆಹಾರ ಎಂಬಲ್ಲಿ ಮನೆಯ ಬಾಡಿಗೆ, ಇಎಂಐ ಎಲ್ಲವನ್ನೂ ಹೇಳಿಕೊಳ್ಳಬಹುದು. ತಪ್ಪುಮಾಡಿದವರನ್ನು ಕ್ಷಮಿಸುವ ಸಾಲಿನಲ್ಲಿ ಕಚೇರಿಯ ಆ ಒಬ್ಬರ ಹೆಸರು ಬರಬೇಕು. ಅಲ್ಲಿ ನನಗೆ ತುಂಬ ಹೊತ್ತು ಹಿಡಿಯುತ್ತದೆ. ನಡುವೆ ಗ್ಯಾಸ್ ಬುಕ್ ಮಾಡಬೇಕೆಂದು ನೆನಪಾಗುತ್ತದೆ, ಖಂಡಿತ. ಪಕ್ಕದಲ್ಲಿ ಚೀಟಿ, ಪೆನ್ನು ಇಟ್ಟುಕೊಂಡು ಬರೆದುಹಾಕಿ.

ಪ್ರಯಾಣದಲ್ಲೂ ಪ್ರಾರ್ಥಿಸಬಹುದು. ನನ್ನ ಕ್ಯಾಥೊಲಿಕ್ ಗೆಳತಿ ಇಂದಿರಾನಗರದಲ್ಲಿ ಮೆಟ್ರೊ ಹತ್ತಿ, ಟ್ರಿನಿಟಿ ಬರುವಷ್ಟರಲ್ಲಿ ಜಪಸರದ ಹತ್ತು ಮಣಿ ಮುಗಿಸುತ್ತಾಳೆ. ಶಿವಾಜಿನಗರದಲ್ಲಿ ಬಸ್ ಬದಲಿಸುವವರಿಗೆ ಸೇಂಟ್ ಮೇರಿ ಬೆಸಿಲಿಕಾ ಕೂಗಳತೆಯಲ್ಲಿದೆ. ಒಳಗೆ ಹೋಗಿ ಸುಮ್ಮನೆ ಕುಳಿತು ಬನ್ನಿ. ಆದರೆ ಇದು ತಿಂಡಿ. ಊಟ ಆ ಕುರ್ಚಿಯಲ್ಲೇ ಆಗಬೇಕು.

ತಪ್ಪಿದ ದಿನದ ಪಾಲನ್ನು ಸೇರಿಸಿ ಮರುದಿನ 30 ನಿಮಿಷ ಕುಳಿತುಕೊಳ್ಳಬೇಡಿ. ಹಾಗೆ ಬಾಕಿ ಬೆಳೆಸಿಕೊಂಡೇ ನಾನು ಹಿಂದೆ ಎರಡು ಸಲ ಕೈಬಿಟ್ಟಿದ್ದೆ. ಕಳೆದ ತಿಂಗಳು ಮಗಳಿಗೆ ಜ್ವರ ಬಂದು ಐದು ದಿನ ತಪ್ಪಿತು. ಆರನೆಯ ಬೆಳಿಗ್ಗೆ ಕುರ್ಚಿಗೆ ಬಂದರೆ, ಪುಟದ ಗುರುತಿನ ದಾರ ಮಾರ್ಕನ 9ನೇ ಅಧ್ಯಾಯದ ನಡುವೆ ಇಟ್ಟಲ್ಲೇ ಇತ್ತು. ಒಬ್ಬ ತಂದೆ ನರಳುವ ಮಗನನ್ನು ಯೇಸುವಿನ ಬಳಿಗೆ ಕರೆತಂದಿದ್ದ. ಅಲ್ಲಿಂದ ಓದಿದೆ.